ಗಂಡು ಮೀನಿನ ರಕ್ತದಲ್ಲಿ ತತ್ತಿಯ ಹಳದಿ

ಎಲ್ಲರಿಗೂ ನಮಸ್ಕಾರ. ಗದ್ದೆ ಕೆಲಸದ ದಿನಗಳಲ್ಲಿ ಕಾರಟಗಿ, ಕನಕಗಿರಿ, ಸಿಂಧನೂರಿನಿಂದೆಲ್ಲ ಗಂಗಾವತಿಗೆ ಬಂದಿದ್ದೀರಿ, ಅದಕ್ಕೆ ನೇರವಾಗಿ ವಿಷಯಕ್ಕೆ ಬರ್ತೀನಿ: ಸೋಯಾ ಹಿಂಡಿ ತಿಂದ ಗಂಡು ಮೀನಿನ ಮೈಯಲ್ಲಿ ಏನಾಗಬಹುದು ಅನ್ನೋದು.

ಇವತ್ತು ಜುಲೈ 10, ಮೀನು ಕೃಷಿಕರ ದಿನ. 1957ರಲ್ಲಿ ಇದೇ ದಿನ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ರಸವನ್ನು ತಾಯಿ ಮೀನಿಗೆ ಚುಚ್ಚಿ ತತ್ತಿ ಇಡಿಸಿದರು. ಕಾಟ್ಲಾ, ರೋಹು, ಮೃಗಾಲ ಮೂರೂ ಹರಿಯೋ ಹೊಳೆಯ ಮೀನುಗಳು. ಹೊಂಡದ ನಿಂತ ನೀರಲ್ಲಿ ಅವು ತಾವಾಗಿ ತತ್ತಿ ಇಡುವುದಿಲ್ಲ. ನಾವು ಇವತ್ತು ಮರಿ ತಂದು ಬಿಡೋದು ಆ ಇಂಜೆಕ್ಷನ್ನಿನಿಂದಾಗಿಯೇ. ಅಂದರೆ ಕಣ್ಣಿಗೆ ಕಾಣದಷ್ಟು ಹಾರ್ಮೋನು ಒಂದು ಮೀನಿನ ಮೈಯನ್ನು ಎಷ್ಟು ಬದಲಾಯಿಸುತ್ತೆ ಅನ್ನೋದನ್ನು ನಿಮಗೆ ಬೇರೆ ಹೇಳಬೇಕಿಲ್ಲ.

ಹೋದ ವರ್ಷ ಕಾರಟಗಿ ಕಡೆಯ ಒಬ್ಬ ಅಣ್ಣ ತನ್ನ ಹೊಂಡಕ್ಕೆ ಕರೆದುಕೊಂಡು ಹೋಗಿದ್ದ. ಮಳೆಗಾಲ ಶುರುವಾಗಿತ್ತು. ಬಲೆ ಎಳೆದು ಒಂದು ಗಂಡು ರೋಹು ಹಿಡಿದು ಒದ್ದೆ ಬಟ್ಟೆಯ ಮೇಲೆ ಮಲಗಿಸಿದ. ಈ ಕಾಲದಲ್ಲಿ ಗಂಡಿನ ಎದೆಯ ಪಕ್ಕದ ರೆಕ್ಕೆ ಸವರಿದರೆ ಮರಳು ಕಾಗದದ ಹಾಗೆ ಒರಟಾಗಿರಬೇಕು, ಹೊಟ್ಟೆ ಮೆಲ್ಲಗೆ ಒತ್ತಿದರೆ ಹಾಲಿನಂಥ ವೀರ್ಯ ಬರಬೇಕು. ರೆಕ್ಕೆ ನುಣುಪಾಗಿತ್ತು. ಹಾಲು ಒಂದು ಹನಿ ನೀರಾಗಿ ಬಂತು, ಅಷ್ಟೇ. "ಸರ್, ಸೋಯಾ ಹಿಂಡಿ ಜಾಸ್ತಿ ಹಾಕಿದ್ದಕ್ಕಾ ಹಿಂಗಾಗಿದ್ದು?" ಅಂತ ಕೇಳಿದ. ಈ ಮಾತು ಶುರುವಾಗಿದ್ದು ಅಲ್ಲಿಂದ.

ಒಂದು ಹೊಂಡ ನೋಡಿ ಸೋಯಾ ಒಂದರ ತಲೆಗೇ ಕಟ್ಟೋಕೆ ಆಗಲ್ಲ. ಬಿಸಿಲಿಗೆ ನೀರು ಕಾದಿರಬಹುದು, ಮೀನು ಕಿಕ್ಕಿರಿದಿರಬಹುದು, ಗಂಡಿಗೆ ವಯಸ್ಸಾಗಿರಬಹುದು. ಆದರೆ ಅವನ ಅನುಮಾನ ಸುಮ್ನೆ ಬಂದದ್ದಲ್ಲ.

ಇಲ್ಲಿ ಕುರಿ ಸಾಕುವವರು ಬಹಳ ಇದ್ದೀರಿ, ಹಾಗಾಗಿ ಕುರಿಯಿಂದಲೇ ಹೇಳ್ತೀನಿ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಅನ್ನೋ ಮೇವು ಮೇಯ್ದ ಕುರಿಗಳು ಗಬ್ಬ ಕಟ್ಟುವುದು ನಿಂತುಹೋಯಿತು. ಬೀಜ ಒಡೆದ ಗಂಡು ಕುರಿಗಳಿಗೆ ಕೆಚ್ಚಲು ಬಿಟ್ಟು ಹಾಲು ಬಂತು! ಕಾರಣ ಹುಡುಕಿದಾಗ ಸಿಕ್ಕಿದ್ದು ಆ ಗಿಡದೊಳಗಿನ ವಸ್ತು. ಹೆಣ್ಣಿನ ಮೈಯಲ್ಲಿ ಹುಟ್ಟುವ ಈಸ್ಟ್ರೋಜೆನ್ ಹಾರ್ಮೋನಿನ ಆಕಾರಕ್ಕೆ ಅದು ಹತ್ತಿರ. ಇಂಥವನ್ನೇ ಗಿಡದ ಈಸ್ಟ್ರೋಜೆನ್ ಅನ್ನೋದು. ನಮ್ಮ ಕುದುರೆಮೆಂತೆಯಲ್ಲಿ ಇರೋದು ಕೌಮೆಸ್ಟ್ರಾಲ್. ಸೋಯಾದಲ್ಲಿ ಜೆನಿಸ್ಟೀನ್, ಡೈಡ್ಜೀನ್. ಒಂದು ಕಿಲೋ ಸೋಯಾ ಕಾಳಲ್ಲಿ ಇವು ಸಾಮಾನ್ಯವಾಗಿ 1ರಿಂದ 3 ಗ್ರಾಂ ಇರುತ್ತವೆ. ಶೇಂಗಾದಲ್ಲಿ ತೀರಾ ಕಡಿಮೆ.

ಈಗ ಮೀನಿನ ಹೊಟ್ಟೆಯೊಳಗೆ ಹೋಗೋಣ. ಹೆಣ್ಣು ಮೀನಿಗೆ ಕಾಲ ಬಂದಾಗ ಮೆದುಳಿನಿಂದ ಪಿಟ್ಯುಟರಿಗೆ, ಅಲ್ಲಿಂದ ಅಂಡಾಶಯಕ್ಕೆ ಸುದ್ದಿ ಹೋಗುತ್ತೆ. ಅಂಡಾಶಯ ಈಸ್ಟ್ರೋಜೆನ್ ಬಿಡುತ್ತೆ. ಅದು ರಕ್ತದಲ್ಲಿ ಹರಿದು ಲಿವರ್ ತಲುಪಿದಾಗ ಲಿವರ್ ವಿಟೆಲೊಜೆನಿನ್ ಅನ್ನೋ ಪ್ರೋಟೀನ್ ತಯಾರಿಸುತ್ತೆ. ತತ್ತಿಯೊಳಗಿನ ಹಳದಿಗೆ ಅದೇ ಮೂಲ. ಅಂದರೆ ಹಳದಿ ತಯಾರಾಗೋದು ಲಿವರಿನಲ್ಲಿ, ತುಂಬೋದು ತತ್ತಿಯಲ್ಲಿ. ಗಂಡಿನ ಲಿವರಿಗೂ ಈ ಕೆಲಸ ಗೊತ್ತು, ಆದರೆ ಹೇಳೋರಿಲ್ಲದೆ ತೆಪ್ಪಗಿರುತ್ತೆ. ಈಸ್ಟ್ರೋಜೆನ್ನಿನಂಥದ್ದು ಮೇವಿನಲ್ಲಿ ಬಂದರೆ ಅದೂ ಎದ್ದು ಕೆಲಸ ಶುರು ಮಾಡುತ್ತೆ. ತತ್ತಿಯೇ ಇಲ್ಲದ ಗಂಡಿನಲ್ಲಿ ಆ ಹಳದಿ ಹೋಗೋದೆಲ್ಲಿಗೆ? ರಕ್ತದಲ್ಲೇ ಸುತ್ತುತ್ತೆ. ಜಾಸ್ತಿಯಾದರೆ ಲಿವರಿಗೂ ಮೂತ್ರಪಿಂಡಕ್ಕೂ ಭಾರ.

ಇದನ್ನು ಮೀನಿನಲ್ಲಿ ಮೊದಮೊದಲು ಕಂಡವರು ಫ್ರಾನ್ಸಿನವರು. ಸೈಬೀರಿಯದ ಸ್ಟರ್ಜನ್ ಮೀನಿಗೆ ಸೋಯಾ ಇರೋ ಮೇವು ಹಾಕಿದಾಗ ಗಂಡುಗಳ ರಕ್ತದಲ್ಲೂ ವಿಟೆಲೊಜೆನಿನ್ ಸಿಕ್ಕಿತು, 1991ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಜಪಾನಿನಲ್ಲಿ ಅಂಗಡಿಯಲ್ಲಿ ಸಿಗೋ ಮೇವು ತಿಂದ ಗಂಡು ಗೋಲ್ಡ್‌ಫಿಶ್‌ನಲ್ಲೂ ಅದೇ ಕಂಡಿತು. ಗೋಲ್ಡ್‌ಫಿಶ್ ಅಂದರೆ ನಮ್ಮ ಕಾಟ್ಲಾ, ರೋಹುಗಳ ಬಳಗದ್ದೇ, ಅದಕ್ಕೇ ನನಗೆ ಈ ಸುದ್ದಿ ಜಾಸ್ತಿ ಮುಖ್ಯ ಅನ್ನಿಸುತ್ತೆ. ಟ್ರೌಟ್ ಮೀನಿಗೆ ಜೆನಿಸ್ಟೀನ್ ಬೆರೆಸಿದ ಮೇವು ಕೊಟ್ಟಾಗ ಗಂಡಿನ ವೀರ್ಯ ತೆಳುವಾಯಿತು, ವೀರ್ಯಾಣುಗಳ ಓಟವೂ ತಗ್ಗಿತು. ಬಾಟಲಿಯಲ್ಲಿ ಸಾಕೋ ಬೆಟ್ಟಾ ಮೀನು ನೋಡಿದ್ದೀರಲ್ವಾ, ಇನ್ನೊಂದು ಗಂಡನ್ನು ಕಂಡರೆ ಕಿವಿರು ಅಗಲಿಸಿ ಕಾದಾಟಕ್ಕೆ ನಿಲ್ಲುತ್ತೆ. ಜೆನಿಸ್ಟೀನ್ ಇರೋ ನೀರಲ್ಲಿ ಅದರ ಆ ಸಿಟ್ಟೂ ಇಳಿಯಿತು.

ಮೇವಷ್ಟೇ ಅಲ್ಲ, ನೀರಲ್ಲೂ ಬರುತ್ತೆ. ಮರದಲ್ಲಿರೋ ಬೀಟಾ-ಸಿಟೊಸ್ಟೆರಾಲ್ ಕಾಗದದ ಕಾರ್ಖಾನೆಗಳ ಹೊಲಸು ನೀರಲ್ಲಿ ಹರಿದು ಬರುತ್ತೆ. ಗೋಲ್ಡ್‌ಫಿಶ್‌ಗೆ ಅದನ್ನು ಕೊಟ್ಟಾಗ ಗಂಡಿನ ಹಾರ್ಮೋನೇ ಕಡಿಮೆಯಾಯಿತು.

ಹೆದರಿಸೋಕೆ ಹೇಳ್ತಿಲ್ಲ. ಮೈಯ ಸ್ವಂತ ಈಸ್ಟ್ರೋಜೆನ್ನಿಗೆ ಹೋಲಿಸಿದರೆ ಜೆನಿಸ್ಟೀನ್ ಸಾವಿರಾರು ಪಾಲು ದುರ್ಬಲ. ತೊಂದರೆ ಏನೆಂದರೆ ನಾವು ಅದನ್ನು ಒಂದು ದಿನ ಹಾಕಿ ಬಿಡೋದಿಲ್ಲ. ರಾತ್ರಿ ನೆನೆಸಿದ ಹಿಂಡಿಯನ್ನು ತೂತು ಹಾಕಿದ ಗೊಬ್ಬರದ ಚೀಲಕ್ಕೆ ತುಂಬಿ, ಬೊಂಬಿಗೆ ಕಟ್ಟಿ, ದಿನಾ ಬೆಳಿಗ್ಗೆ ಇಳಿಬಿಡ್ತೀವಿ, ವರ್ಷಗಟ್ಟಲೆ. ಸೋಯಾ ಹುರಿದರೆ ಸರಿಹೋಗುತ್ತೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹುರಿದರೆ ಪ್ರೋಟೀನ್ ಅರಗೋಕೆ ಅಡ್ಡಿ ಮಾಡೋ ವಸ್ತು ಸಾಯುತ್ತೆ, ಅದಕ್ಕಾಗಿ ಹುರಿಯಲೇಬೇಕು. ಜೆನಿಸ್ಟೀನ್ ಮಾತ್ರ ಆ ಬಿಸಿಗೆ ಜಗ್ಗಲ್ಲ.

ಮಾರಾಟಕ್ಕೆ ಬೆಳೆಸೋ ಮೀನಿಗೆ ಸೋಯಾ ಧಾರಾಳವಾಗಿ ಹಾಕಿ. ಅದು ತತ್ತಿ ಇಡಬೇಕಿಲ್ಲ, ತೂಕ ಬಂದರೆ ಆಯಿತು. ಮೀನಿನ ಪುಡಿಯ ರೇಟು ನೋಡಿದರೆ ಸೋಯಾ ಬಿಡಿ ಅನ್ನೋಕೆ ನನಗೆ ಮನಸ್ಸೂ ಬರಲ್ಲ. ನನ್ನ ಕಾಳಜಿ ಇರೋದು ಎರಡು ಕಡೆ. ಒಂದು, ತೀರಾ ಎಳೆ ಮರಿ. ಜಿಲೇಬಿ (ತಿಲಾಪಿಯಾ) ಮೀನಿನ ಮರಿಗೆ ಮೇವಲ್ಲಿ ಹಾರ್ಮೋನು ಬೆರೆಸಿ ಎಲ್ಲವನ್ನೂ ಗಂಡು ಮಾಡ್ತಾರೆ, ಅಂದರೆ ಕೆಲವು ಜಾತಿಗಳಲ್ಲಿ ಆ ವಯಸ್ಸಿನ ಮೀನನ್ನು ಯಾವ ಕಡೆಗೆ ಬೇಕಾದರೂ ವಾಲಿಸಬಹುದು. ಇನ್ನೊಂದು, ತಳಿಗೆ ಇಟ್ಟ ಗಂಡು-ಹೆಣ್ಣು.

ಕಾರಟಗಿಯ ಅಣ್ಣನಿಗೆ ನಾನು ಹೇಳಿದ್ದು ಇಷ್ಟು. ತಳಿ ಮೀನಿಗೆ ಬೇರೆ ಹೊಂಡ ಮಾಡು. ಫೆಬ್ರವರಿಯಿಂದ ಮಳೆ ಬೀಳೋವರೆಗೆ, ಅಂದರೆ ತತ್ತಿ, ವೀರ್ಯ ಬಲಿಯೋ ತಿಂಗಳುಗಳಲ್ಲಿ, ಆ ಹೊಂಡಕ್ಕೆ ಸೋಯಾ ಬೇಡ. ಶೇಂಗಾ ಹಿಂಡಿ, ತೌಡು, ಕೈಲಾದಷ್ಟು ಮೀನಿನ ಪುಡಿ ಕೊಡು. ಶೇಂಗಾ ಹಿಂಡಿಗೆ ಬೂಷ್ಟು ಬಂದಿದ್ದರೆ ಮುಟ್ಟಬೇಡ, ಅದರ ವಿಷ ಸೋಯಾಕ್ಕಿಂತ ಕೆಟ್ಟದ್ದು. ಜೂನ್‌ನಲ್ಲಿ ಪ್ರತಿ ಗಂಡಿನ ರೆಕ್ಕೆ ಸವರಿ, ಹೊಟ್ಟೆ ಒತ್ತಿ, ಹಾಲು ಗಟ್ಟಿಯೋ ತೆಳುವೋ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು.

ಅವನು ಬರೆದಿಟ್ಟಿದ್ದಾನೆ, ಆ ನೋಟ್‌ಬುಕ್ ಇವತ್ತು ಇಲ್ಲಿಗೆ ತಂದಿದ್ದಾನೆ. ಚಹಾ ಆದ ಮೇಲೆ ಎಲ್ಲರೂ ಕೂತು ನೋಡೋಣ.