ಲಾಯದಲ್ಲಿ ಇಲಿ ಕಾಟವೇ? ವಿಷ ಇಡುವ ಮೊದಲು ಒಮ್ಮೆ ಮೇಲೆ ನೋಡಿ

[ದೃಶ್ಯ: ಲಾಯದ ಒಳಗೆ. ಕ್ಯಾಮೆರಾ ಕುದುರೆಯಿಂದ ಮೇಲಿನ ಜಂತಿಯ ಕಡೆಗೆ.]

ನಮಸ್ಕಾರ. ಕುದುರೆ ಇರುವ ಕಡೆ ಕುದುರೆ ಒಂದೇ ಇರುವುದಿಲ್ಲ. ಚೆಲ್ಲಿದ ಕಾಳಿಗೆ ಗುಬ್ಬಿ ಬರುತ್ತದೆ, ಇಲಿಯೂ ಬರುತ್ತದೆ. ಇಲಿ ಇದ್ದ ಮೇಲೆ ಗೂಬೆ, ಹಾವು ಬಂದೇ ಬರುತ್ತವೆ. ಲದ್ದಿಗೆ ನೊಣ, ನೊಣಕ್ಕೆ ಹಕ್ಕಿ. ಇದರಲ್ಲಿ ಒಂದನ್ನು ಓಡಿಸಲು ಹೋದರೆ ಏಟು ಇನ್ಯಾರಿಗೋ ಬೀಳುತ್ತದೆ. ಇವತ್ತು ಅದನ್ನೇ ನೋಡೋಣ.

[ದೃಶ್ಯ: ಮಣ್ಣಿನ ಗೂಡು, ತೀರಾ ಹತ್ತಿರದಿಂದ.]

ಇದು ಅಂಬರಗುಬ್ಬಿಯ ಗೂಡು. ಕಡುನೀಲಿ ಬೆನ್ನು, ಕೆಂಪು ಗಂಟಲು, ಕವಲೊಡೆದ ಉದ್ದ ಬಾಲದ ಹಕ್ಕಿ. ಕೆಸರನ್ನು ಕೊಕ್ಕಿನಲ್ಲಿ ಉಂಡೆ ಉಂಡೆಯಾಗಿ ತಂದು, ನಡುವೆ ಹುಲ್ಲಿನ ಎಳೆ ಸೇರಿಸಿ ಗೋಡೆಗೆ ಅಂಟಿಸುತ್ತದೆ. ಒಂದೊಂದು ಉಂಡೆಯೂ ಬೇರೆ ಬೇರೆ ಕಾಣುತ್ತಿದೆ, ನೋಡಿ. ಒಳಗೆ ಪುಕ್ಕ, ಕೆಲವೊಮ್ಮೆ ಕುದುರೆಯ ಕೂದಲು. ಸಾಮಾನ್ಯವಾಗಿ 4-5 ಮೊಟ್ಟೆ. ಮರಿ ಹಾರಲು ಸುಮಾರು 3 ವಾರ ಬೇಕು. ಅಷ್ಟು ದಿನವೂ ಅಪ್ಪ ಅಮ್ಮ ಇಬ್ಬರೂ ಹಾರಾಡುತ್ತಲೇ ನೊಣ, ಸೊಳ್ಳೆ ಹಿಡಿದು ತಂದು ಉಣಿಸುತ್ತಿರುತ್ತವೆ. ಕುದುರೆಗೆ ಇದಕ್ಕಿಂತ ಒಳ್ಳೆ ನೆರೆಹೊರೆ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಿಕ್ಕೆ ಬೀಳುತ್ತದೆ ಅಂತ ಗೂಡು ಕೆಡವಬೇಡಿ. ಸ್ವಲ್ಪ ಕೆಳಗೆ ಒಂದು ಹಲಗೆ ಹೊಡೆದರೆ ಸಾಕು. ಮೊಟ್ಟೆ, ಮರಿ ಇರುವ ಗೂಡು ಕೀಳುವುದು ಎಷ್ಟೋ ದೇಶಗಳಲ್ಲಿ ಅಪರಾಧ ಕೂಡ. ಹಾಗೇ, ಬಾಚಿ ತೆಗೆದ ಬಾಲದ ಕೂದಲನ್ನು ಅಲ್ಲೇ ಬಿಸಾಡಬೇಡಿ. ಉದ್ದ ಎಳೆ ಗೂಡು ಸೇರಿ ಮರಿಯ ಕಾಲಿಗೆ ಸುತ್ತಿಕೊಂಡರೆ ಅದು ಹಾರಲಾಗದೆ ಅಲ್ಲೇ ಸಾಯಬಹುದು.

[ದೃಶ್ಯ: ಕಣಜ ಗೂಬೆ. ನೆಲದ ಮೇಲೆ ಅದು ಕಕ್ಕಿದ ಕಪ್ಪು ಉಂಡೆ.]

ಈಗ ಇಲಿ ವಿಷಯ. ಇಲಿಯ ಉಚ್ಚೆಯಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಹರಡಬಹುದು. ಕುದುರೆಗೆ ಮತ್ತೆ ಮತ್ತೆ ಕಣ್ಣು ಉರಿಯೂತ ಬಂದು, ಕೊನೆಗೆ ಕುರುಡಾಗುವ ಕಾಯಿಲೆಗೆ ಈ ಬ್ಯಾಕ್ಟೀರಿಯಾವೂ ಒಂದು ಕಾರಣ. ಹಾಗಾಗಿ ಇಲಿ ಇರಲಿ ಬಿಡು ಅನ್ನುವಂತಿಲ್ಲ. ಆದರೆ ವಿಷ ಇಡುವ ಮೊದಲು ಈ ಉಂಡೆ ನೋಡಿ. ಬಿಡಿಸಿದರೆ ರೋಮ, ಪುಟ್ಟ ತಲೆಬುರುಡೆ, ದವಡೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಹೀಗೆ ಹೊರಗೆ ಹಾಕುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅಂಥದ್ದೇ. ವಿಷ ಗೂಬೆಯ ಹೊಟ್ಟೆ ಸೇರುತ್ತದೆ. ಸಿಗದೆ ಉಳಿದದ್ದು ಒಣಹುಲ್ಲಿನ ನಡುವೆ ಹೋಗಿ ಸತ್ತರೆ ಅದು ಇನ್ನೂ ಅಪಾಯ. ಕೊಳೆತ ಹೆಣದಲ್ಲಿ ಹುಟ್ಟುವ ಬಾಟ್ಯುಲಿಸಂ ವಿಷ ಕುದುರೆಗೆ ಸ್ವಲ್ಪ ತಗುಲಿದರೂ ಜೀವಕ್ಕೆ ಕುತ್ತು. ಇಲಿ ಕೊಲ್ಲಲು ಹೋಗಿ ಗೂಬೆಯನ್ನೂ ಕುದುರೆಯನ್ನೂ ಕಳೆದುಕೊಂಡ ಹಾಗಾಯ್ತು, ಅಲ್ವಾ?

ಮೊದಲು ಇಲಿಗೆ ಸಿಗುವ ಊಟ ನಿಲ್ಲಿಸಿ. ಕಾಳು ಮುಚ್ಚಳ ಇರುವ ಲೋಹದ ಡ್ರಮ್ಮಿನಲ್ಲಿರಲಿ. ಚೆಲ್ಲಿದ್ದನ್ನು ರಾತ್ರಿಗೆ ಮೊದಲೇ ಗುಡಿಸಿ. ಅದಾದ ಮೇಲೂ ಬಂದರೆ ಬೋನು ಇಡಿ.

[ದೃಶ್ಯ: ಮರದ ಕೆಳಗಿನ ನೀರಿನ ತೊಟ್ಟಿ.]

ಬಾವಲಿ ಬಗ್ಗೆ ಒಂದು ಮಾತು. ಹುಳ ಹಿಡಿಯುವ ಚಿಕ್ಕ ಬಾವಲಿಗಳಿಂದ ಲಾಯಕ್ಕೆ ಲಾಭವೇ. ಆದರೆ ನೆಲಕ್ಕೆ ಬಿದ್ದ ಬಾವಲಿಯನ್ನಾಗಲಿ, ಹಗಲಲ್ಲೇ ಭಯವಿಲ್ಲದೆ ಮೇಲೆ ಬರುವ ನರಿಯನ್ನಾಗಲಿ ಮುಟ್ಟಬೇಡಿ, ರೇಬಿಸ್ ಇರಬಹುದು. ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಮೊದಲ ಸಲ ಕಂಡ ಹೆಂಡ್ರಾ ವೈರಸ್ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬಂತು. ಅಲ್ಲಿ ಈಗ ಬಾವಲಿ ಬರುವ ಮರದ ಕೆಳಗೆ ಮೇವು, ನೀರು ಇಡಬೇಡಿ ಅಂತಲೇ ಹೇಳುತ್ತಾರೆ.

ತೊಟ್ಟಿ ಎಲ್ಲೇ ಇರಲಿ, ಒಳಗೆ ಒಂದು ಒರಟು ಹಲಗೆ ಓರೆಯಾಗಿ ಇಳಿಬಿಡಿ. ನೀರಿಗೆ ಬಿದ್ದ ಅಳಿಲು, ಮರಿಹಕ್ಕಿ ಹತ್ತಿಕೊಂಡು ಬರುತ್ತವೆ. ಸುಮ್ನೆ ಇಟ್ಟರೆ ಕುದುರೆ ಮೂತಿಯಿಂದ ತಳ್ಳಿಬಿಡುತ್ತದೆ, ಗಟ್ಟಿಯಾಗಿ ಕಟ್ಟಿ. ಮೊಳೆ ಮಾತ್ರ ಹೊರಗೆ ಚಾಚಿರಬಾರದು.