ಟೊಪ್ಪಿಗಿಂತ ಪೆಟ್ಟಿಗೆ ಭಾರ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಕಾರವಾರಕ್ಕೆ ಬರುವಾಗ ಕೈಯಲ್ಲಿ ಒಂದು ಲಾವಂಚದ ಟೊಪ್ಪಿ ಹಿಡಿದುಕೊಂಡು ಬಂದಿದ್ದೇನೆ. ನಿಮಗೆ ಕಾಣುವುದಿಲ್ಲ. ಆದರೆ ಹೊನ್ನಾವರ, ಕುಮಟಾ ಕಡೆಯವರಿಗೆ ಲಾವಂಚ ಎಂದರೆ ಸಾಕು, ಆ ಪರಿಮಳ ಆಗಲೇ ಮೂಗಿಗೆ ಬಂದಿರುತ್ತದೆ. ಬೆಳಿಗ್ಗೆ ಇದನ್ನು ತಕ್ಕಡಿಯಲ್ಲಿಟ್ಟು ನೋಡಿದೆ. 180 ಗ್ರಾಂ. ಇದೇ ಟೊಪ್ಪಿಯನ್ನು ಪೆಟ್ಟಿಗೆಯಲ್ಲಿಟ್ಟು ಪರದೇಶಕ್ಕೆ ಕಳಿಸಲು ಹೋದರೆ, ಕೊರಿಯರ್‌ನವರ ಲೆಕ್ಕದಲ್ಲಿ ಇದರ ತೂಕ 4 ಕಿಲೋ 800 ಗ್ರಾಂ.

ಹೇಗೆ ಅಂತ ಕೇಳಿ. ಟೊಪ್ಪಿ ಜಜ್ಜಿ ಹೋಗಬಾರದು ಎಂದು ನಾವು ಆರಿಸಿದ ರಟ್ಟಿನ ಪೆಟ್ಟಿಗೆ 40 ಸೆಂಟಿಮೀಟರ್ ಉದ್ದ, 40 ಅಗಲ, 15 ಎತ್ತರ. ಮೂರನ್ನೂ ಗುಣಿಸಿದರೆ 24,000. ಅದನ್ನು 5,000ದಿಂದ ಭಾಗಿಸಿದರೆ 4.8. ವಿಮಾನದಲ್ಲಿ ಹೋಗುವ ಸಾಮಾನಿಗೆ ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಹಾಕುವ ಲೆಕ್ಕ ಇದು. ಗಾತ್ರದ ತೂಕ ಅನ್ನುತ್ತಾರೆ. ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ವಿಮಾನದ ಹೊಟ್ಟೆಯಲ್ಲಿ ಜಾಗಕ್ಕೆ ಬೆಲೆ, ಆದ್ದರಿಂದ ಲೆಕ್ಕ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಮೊದಲ ಸಲ ಇದನ್ನು ಕೇಳಿದಾಗ ನಮ್ಮ ಅತ್ತಿಗೆ ಹೆಣೆಯುವ ಕೈ ನಿಲ್ಲಿಸಿ, "ಅಲ್ಲ ತಂಗೀ, ಒಳಗಿನ ಗಾಳಿಗೂ ದುಡ್ಡು ತಗೊಳ್ತಾರಾ?" ಅಂದರು. ಹೌದು ಅತ್ತಿಗೆ, ಗಾಳಿಗೂ ತಗೊಳ್ತಾರೆ.

ನಾವು ಏಳು ಜನ ಹೆಂಗಸರು. ಟೊಪ್ಪಿ, ಬೀಸಣಿಗೆ, ಗೋಡೆಗೆ ತೂಗುಹಾಕುವ ಗಣಪತಿ ಮಾಡುತ್ತೇವೆ. ಇಲ್ಲಿ ಪ್ರವಾಸಿಗರು ಬರುವ ಹಂಗಾಮು ನಾಲ್ಕೈದು ತಿಂಗಳು, ಮಳೆಗಾಲದಲ್ಲಿ ವ್ಯಾಪಾರ ನಿಂತೇ ಹೋಗುತ್ತದೆ. ಮಳೆಗಾಲದಲ್ಲೂ ಕೈಗೆ ಕೆಲಸ ಇರಲಿ ಎಂದೇ ಆನ್‌ಲೈನ್ ಮಾರುಕಟ್ಟೆಗೆ ಹೋದೆವು. ಹೋದ ಮೇಲೆ ಕಲಿತದ್ದನ್ನು ಹೇಳಬೇಕು ಅನ್ನಿಸಿ ಈ ಮಾತಿಗೆ ಒಪ್ಪಿಕೊಂಡೆ. ಶಿರಸಿಯಲ್ಲಿ ಮರ ಕೆತ್ತುವವರು, ಅಂಕೋಲೆಯಲ್ಲಿ ಮಣಿಸರ ಪೋಣಿಸುವವರು, ಬಾಳೆನಾರಿನ ಚೀಲ ಹೊಲಿಯುವವರು ಇದೇ ದಾರಿಗೆ ಬರುತ್ತಿದ್ದಾರೆ. ನಾವು ಎಡವಿದ ಕಲ್ಲಿಗೆ ಅವರ ಕಾಲು ತಾಗಬಾರದು.

ಪರದೇಶದ ವ್ಯಾಪಾರ ಈ ಕರಾವಳಿಗೆ ಹೊಸದಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಘಟ್ಟದ ಮೇಲಿನ ಹತ್ತಿ ಗಾಡಿಗಳಲ್ಲಿ ಇಳಿದು ನಮ್ಮ ಬಂದರಿನಿಂದ ಹೋಗಿ, ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. ಆಗ ಮೂಟೆಗಟ್ಟಲೆ ಸರಕು ಒಟ್ಟಿಗೆ ಹೋಗುತ್ತಿತ್ತು, ಹಡಗಿನ ಬಾಡಿಗೆ ಅಷ್ಟೂ ಮೂಟೆಗೆ ಹಂಚಿಹೋಗುತ್ತಿತ್ತು. ಈಗ ನಮ್ಮದು ಒಂದೊಂದೇ ಟೊಪ್ಪಿ. ಕಾರವಾರದ ಬೈತಖೋಲ ಬಂದರು ಕಣ್ಣೆದುರಿಗೇ ಇದ್ದರೂ ನಮ್ಮ ಪೆಟ್ಟಿಗೆ ಘಟ್ಟ ಹತ್ತಿ, ಬೆಂಗಳೂರೋ ಮುಂಬಯಿಯೋ ಮುಟ್ಟಿ, ಅಲ್ಲಿಂದ ವಿಮಾನ ಹತ್ತಬೇಕು. 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ನಿಂತಾಗ ಸಾಗಣೆ ದರ ಏಕೆ ಹಾಗೆ ಏರಿತು ಎಂಬುದು ಆಮೇಲೆ ಅರ್ಥವಾಯಿತು. ಜನ ಕೂರುವ ವಿಮಾನದ ಕೆಳಹೊಟ್ಟೆಯಲ್ಲೇ ಇಂಥ ಸಾಮಾನು ಬಹಳಷ್ಟು ಹೋಗುತ್ತಿತ್ತು. ಜನ ಹಾರದಿದ್ದರೆ ಟೊಪ್ಪಿಯೂ ಹಾರುವುದಿಲ್ಲ.

ಇನ್ನು ಮಾರುಕಟ್ಟೆ ತಾಣದ ಶುಲ್ಕ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಕರಕುಶಲ ವಸ್ತುಗಳಿಗೆ ಹೆಸರಾದ ಎಟ್ಸಿಯನ್ನೇ ತೆಗೆದುಕೊಳ್ಳೋಣ. ಒಂದು ವಸ್ತುವನ್ನು ನಾಲ್ಕು ತಿಂಗಳು ಅಂಗಡಿಯಲ್ಲಿಡಲು 20 ಸೆಂಟ್. ಮಾರಾಟವಾದರೆ 2022ರ ಏಪ್ರಿಲ್‌ನಿಂದ ಶೇಕಡಾ 6.5, ಅದಕ್ಕೂ ಮೊದಲು ಶೇಕಡಾ 5 ಇತ್ತು. ಆರೂವರೆ ತಾನೇ ಅನ್ನಿಸುತ್ತದೆ. ಆದರೆ 2018ರಿಂದ ಈ ಶುಲ್ಕ ವಸ್ತುವಿನ ಬೆಲೆಗೆ ಮಾತ್ರವಲ್ಲ, ಗಿರಾಕಿ ಕೊಡುವ ಸಾಗಣೆ ವೆಚ್ಚಕ್ಕೂ ಸೇರಿ ಬೀಳುತ್ತದೆ. 20 ಡಾಲರಿನ ಟೊಪ್ಪಿ, 15 ಡಾಲರ್ ಸಾಗಣೆ ಎಂದರೆ ಶುಲ್ಕ 35ರ ಮೇಲೆ. ಹತ್ತಿರ ಹತ್ತಿರ 2 ಡಾಲರ್ 28 ಸೆಂಟ್. ಟೊಪ್ಪಿಗೆ ಮಾತ್ರ ಆಗಿದ್ದರೆ 1 ಡಾಲರ್ 30. ಸಾಗಣೆಯ ಹಣ ನಮ್ಮ ಕೈಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ಹಾಗೇ ಕೊರಿಯರ್‌ಗೆ ಹೋಗುತ್ತದೆ. ಅದರ ಮೇಲಿನ ಶುಲ್ಕ ಮಾತ್ರ ನಮ್ಮ ಗಂಟಿನಿಂದ. ಆಮೇಲೆ ಗಿರಾಕಿಯ ಹಣವನ್ನು ನಮ್ಮ ಖಾತೆಗೆ ಮುಟ್ಟಿಸುವವರ ಶುಲ್ಕ, ಡಾಲರ್ ರೂಪಾಯಿಯಾಗುವಾಗ ಒಂದಷ್ಟು.

ಇದರ ಮೇಲೆ ಉಚಿತ ಸಾಗಣೆ ಎಂಬ ಒತ್ತಡ. 2019ರ ಜುಲೈ ಕೊನೆಯಿಂದ ಅದೇ ತಾಣ ಅಮೆರಿಕದ ಗಿರಾಕಿಗಳಿಗೆ, ಉಚಿತವಾಗಿ ಕಳಿಸುವ ಅಂಗಡಿಗಳ ಸಾಮಾನನ್ನು ಹುಡುಕಾಟದಲ್ಲಿ ಮೊದಲು ತೋರಿಸತೊಡಗಿತು. ನಾವೂ ಉಚಿತ ಎಂದು ಬರೆದೆವು. ಮೂರು ತಿಂಗಳು ಆರ್ಡರ್ ಜೋರು ಬಂತು, ಎಲ್ಲರಿಗೂ ಖುಷಿ. ಲೆಕ್ಕದ ಪುಸ್ತಕ ಬಿಚ್ಚಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೇರಿನ ಹಣ ಕೊಟ್ಟಾಗಿತ್ತು, ಪೆಟ್ಟಿಗೆಯ ಹಣ, ಕೊರಿಯರ್ ಹಣ, ಎಲ್ಲ ಕೊಟ್ಟಾಗಿತ್ತು. ಉಳಿಯದೇ ಹೋದದ್ದು ಏಳು ಜನರ ಕೂಲಿ. ಯಾರಾದರೊಬ್ಬರು ಸಾಗಣೆಗೆ ಹಣ ಕೊಡಲೇಬೇಕು, ಆ ತಿಂಗಳುಗಳಲ್ಲಿ ನಮ್ಮ ಅತ್ತಿಗೆಯ ಬೆರಳು ಕೊಟ್ಟಿತ್ತು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಇನ್ನೊಂದು ಪೆಟ್ಟು ಜರ್ಮನಿಯಿಂದ. ಯುರೋಪಿನ ಒಕ್ಕೂಟದಲ್ಲಿ 22 ಯೂರೋವರೆಗಿನ ಸಣ್ಣ ಪಾರ್ಸೆಲ್‌ಗೆ ವ್ಯಾಟ್ ಇರಲಿಲ್ಲ. 2021ರ ಜುಲೈ 1ರಿಂದ ಆ ವಿನಾಯಿತಿ ಹೋಯಿತು. 150 ಯೂರೋವರೆಗಿನ ಸಾಮಾನಿಗೆ ಐಒಎಸ್‌ಎಸ್ ಎಂಬ ವ್ಯವಸ್ಥೆ ಇದೆ, ಮಾರುಕಟ್ಟೆ ತಾಣವೇ ಗಿರಾಕಿಯಿಂದ ವ್ಯಾಟ್ ವಸೂಲಿ ಮಾಡಿ ಕಟ್ಟುತ್ತದೆ. ಆದರೆ ತಾಣದ ಐಒಎಸ್‌ಎಸ್ ಸಂಖ್ಯೆ ಪಾರ್ಸೆಲ್ ಜೊತೆಗಿನ ವಿದ್ಯುನ್ಮಾನ ಮಾಹಿತಿಯಲ್ಲಿ ಹೋಗಬೇಕು. ಗಣಪತಿ ಇಟ್ಟಿದ್ದ ನಮ್ಮ ಒಂದು ಪಾರ್ಸೆಲ್‌ನಲ್ಲಿ ಹೋಗಿರಲಿಲ್ಲ. ಗಿರಾಕಿಯ ಬಾಗಿಲಲ್ಲಿ ಮತ್ತೆ ಶೇಕಡಾ 19ರ ವ್ಯಾಟ್, ಮೇಲೆ ನಿರ್ವಹಣಾ ಶುಲ್ಕ ಕೇಳಿದರು. ಆಕೆ ಬೇಡವೆಂದು ತಿರುಗಿಸಿದಳು. ಆಕೆಯದು ತಪ್ಪಿಲ್ಲ, ಒಮ್ಮೆ ಕೊಟ್ಟಾಗಿತ್ತು. ನಾವು ಹಣ ಮರಳಿಸಿದೆವು, ಗಣಪತಿ ಮರಳಲಿಲ್ಲ. ಅಂದಿನಿಂದ ಪಾರ್ಸೆಲ್ ಬುಕ್ ಮಾಡುವವರ ಪಕ್ಕದಲ್ಲೇ ನಿಂತು ಆ ಸಂಖ್ಯೆ ಒಂದೊಂದೇ ಅಂಕಿಯಾಗಿ ಓದಿಸಿಕೊಳ್ಳುತ್ತೇನೆ.

ಅಮೆರಿಕದ ಕಥೆ ನಿಮಗೆ ಪತ್ರಿಕೆಯಲ್ಲಿ ಗೊತ್ತಾಗಿರಬಹುದು. 2016ರಿಂದ ಅಲ್ಲಿ 800 ಡಾಲರ್‌ವರೆಗಿನ ಸಾಮಾನು ಸುಂಕವಿಲ್ಲದೆ ಒಳಗೆ ಹೋಗುತ್ತಿತ್ತು. ನಮ್ಮಂಥ ಸಣ್ಣವರು ನಿಂತದ್ದೇ ಆ ಒಂದು ನಿಯಮದ ಮೇಲೆ. 2025ರ ಆಗಸ್ಟ್ 29ಕ್ಕೆ ಅದು ಎಲ್ಲ ದೇಶಗಳಿಗೂ ಮುಗಿಯಿತು. ಸುಂಕ ಯಾರು, ಹೇಗೆ ವಸೂಲಿ ಮಾಡಬೇಕು ಎಂದು ತಿಳಿಯದೆ ವಿಮಾನ ಕಂಪನಿಗಳು ಅಂಚೆಯ ಸಾಮಾನು ಒಯ್ಯಲು ಒಪ್ಪಲಿಲ್ಲ, ನಮ್ಮ ಅಂಚೆ ಇಲಾಖೆ ಅಮೆರಿಕದ ಪಾರ್ಸೆಲ್ ನಿಲ್ಲಿಸಬೇಕಾಯಿತು. ಅಕ್ಟೋಬರ್ 15ರಂದು ಮತ್ತೆ ಶುರುವಾದಾಗ ಸುಂಕ ಘೋಷಿತ ಮೌಲ್ಯದ ಶೇಕಡಾ 50 ಇತ್ತು, ಅದೂ ಇಲ್ಲಿಯೇ ಮುಂಗಡ ಕಟ್ಟಬೇಕಿತ್ತು. ಆಗ 20 ಡಾಲರಿನ ಟೊಪ್ಪಿಗೆ 10 ಡಾಲರ್ ಸುಂಕ. ಈ ದರ ಸ್ಥಿರವಲ್ಲ, ಆದ್ದರಿಂದ ಕಳಿಸುವ ದಿನವೇ ಕೇಳಿ ತಿಳಿದುಕೊಳ್ಳಿ, ಹಳೆಯ ಚೀಟಿ ನೋಡಿ ಬೆಲೆ ಹಾಕಬೇಡಿ. ಕ್ರಿಸ್‌ಮಸ್‌ನ ವ್ಯಾಪಾರಕ್ಕೆಂದು ಕೂಡಿಟ್ಟ ಬೀಸಣಿಗೆಗಳು ಆ ವರ್ಷ ನಮ್ಮ ಅಟ್ಟದಲ್ಲೇ ಉಳಿದವು.

ಆಸ್ಟ್ರೇಲಿಯಾಕ್ಕೆ ನಾವು ಲಾವಂಚ ಕಳಿಸುವುದನ್ನೇ ಬಿಟ್ಟಿದ್ದೇವೆ. ಒಣಬೇರು, ನಾರು, ಮರ ಎಂದರೆ ಅಲ್ಲಿ ತಪಾಸಣೆ ಬಹಳ ಬಿಗಿ.

ಹಾಗಾದರೆ ಏನು ಮಾಡಬಹುದು? ಕಾಗದಪತ್ರ ನೀವು ಹೆದರುವಷ್ಟಿಲ್ಲ. ಆಮದು ರಫ್ತು ಸಂಖ್ಯೆ, ಅಂದರೆ ಐಇಸಿ, 500 ರೂಪಾಯಿಗೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ರಫ್ತಿಗೆ ಜಿಎಸ್‌ಟಿ ಶೂನ್ಯ ದರ, ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟರೆ ತೆರಿಗೆ ಕಟ್ಟದೆಯೇ ಕಳಿಸಬಹುದು. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರ ಎಂಬ ವ್ಯವಸ್ಥೆ ತೆರೆದಿದೆ, ರಫ್ತಿನ ಬಿಲ್ಲನ್ನು ಮನೆಯಲ್ಲೇ ಕುಳಿತು ತುಂಬಿ ಅಲ್ಲಿ ಪಾರ್ಸೆಲ್ ಒಪ್ಪಿಸಬಹುದು. ನಿಮಗೆ ಹತ್ತಿರದ ಕೇಂದ್ರ ಯಾವುದೆಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಸಣ್ಣ, ಹಗುರ ಕಟ್ಟುಗಳಿಗೆ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆಯೂ ಇದೆ.

ನಾವು ಮಾಡಿದ ದೊಡ್ಡ ಬದಲಾವಣೆ ಮಾತ್ರ ಬೇರೆ. ಮೊದಲು ವಸ್ತು ಮಾಡಿ ಆಮೇಲೆ ಪೆಟ್ಟಿಗೆ ಹುಡುಕುತ್ತಿದ್ದೆವು. ಈಗ ಪೆಟ್ಟಿಗೆ ಮೊದಲು. ಬೆಲೆಯ ಚೀಟಿಯಲ್ಲೂ ಮೊದಲ ಸಾಲು ಕೂಲಿ, ಅದಕ್ಕೆ ಕೈ ಹಚ್ಚುವಂತಿಲ್ಲ. ಉಳಿದದ್ದೆಲ್ಲ ಅದರ ಕೆಳಗೆ. ಉಚಿತ ಸಾಗಣೆಯ ಪಟ್ಟಿ ತೆಗೆದುಹಾಕಿದ ಮೇಲೆ ಆರ್ಡರ್ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ವಾರಕ್ಕೆ ಎರಡೋ ಮೂರೋ ಪಾರ್ಸೆಲ್.

ನಾನು ತಂದ ಈ ಟೊಪ್ಪಿ ಇದೆಯಲ್ಲ, ಇದು ಹಳೆಯದು. ಹೊಸದರ ನೆತ್ತಿಯನ್ನು ಅತ್ತಿಗೆ ಬೇರೆ ಥರ ಹೆಣೆದಿದ್ದಾರೆ, ಒತ್ತಿದರೆ ತಟ್ಟೆಯ ಹಾಗೆ ಮಡಚುತ್ತದೆ, ನೀರು ಚಿಮುಕಿಸಿ ಬಿಟ್ಟರೆ ಮತ್ತೆ ಏಳುತ್ತದೆ. ಅಂಚನ್ನೂ ಚಿಕ್ಕದು ಮಾಡಿದ್ದಾರೆ. ಪೆಟ್ಟಿಗೆ 30, 30, 5. ಗುಣಿಸಿ, ಭಾಗಿಸಿ ನೋಡಿ, 900 ಗ್ರಾಂ ಬರುತ್ತದೆ. ಅತ್ತಿಗೆಗೆ ಅದು 500ಕ್ಕೆ ಇಳಿಯಬೇಕಂತೆ. ನಾನು ಹೊರಡುವಾಗ ಸ್ಕೇಲು ಹಿಡಿದು ಜಗಲಿಯ ಮೇಲೆ ಕುಳಿತಿದ್ದರು.

ನಮಸ್ಕಾರ.