ಐದು ಜನ, ಒಂದೇ ಮೈಕು: ಮೆಕೂರಿ ಅಪ್ಪ-ಮಕ್ಕಳ ಬ್ಲೂಗ್ರಾಸ್

[ಪರದೆ ಮೇಲೆ: ಸೂಟು ತೊಟ್ಟ ಐದು ಜನ, ನಡುವೆ ಒಂದು ಮೈಕು. ಧ್ವನಿ ಬೇಡ.]

ನಮಸ್ಕಾರ. ಇದು ಡೆಲ್ ಮೆಕೂರಿ ಬ್ಯಾಂಡ್. ಈ ದೃಶ್ಯ ನೋಡಿ ಒಬ್ಬ ವೀಕ್ಷಕರು ಕೇಳಿದ್ದು ಇಷ್ಟೇ: "ಎಲ್ಲರೂ ಒಂದೇ ಮೈಕಿಗೆ ಯಾಕೆ ನುಗ್ತಾರೆ? ಇನ್ನೊಂದು ತಗೊಳ್ಳೋಕೆ ದುಡ್ಡಿಲ್ವಾ?"

ದುಡ್ಡಿದೆ ಸ್ವಾಮಿ. ಮನೆಯಲ್ಲಿ ಗ್ರ್ಯಾಮಿಯೂ ಇದೆ. ಆದರೂ ಪ್ರಶ್ನೆ ಚೆನ್ನಾಗಿದೆ, ಬನ್ನಿ ನೋಡೋಣ.

ಮೊದಲು ಪೀಠಿಕೆ, ಬೇಗ ಮುಗಿಸ್ತೀನಿ. ಬ್ಲೂಗ್ರಾಸ್ ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಒಂದು ಬಗೆ: ಮ್ಯಾಂಡೊಲಿನ್, ಬ್ಯಾಂಜೋ, ಪಿಟೀಲು, ಗಿಟಾರು, ಆಳೆತ್ತರದ ಬಾಸ್. ಡ್ರಮ್ಸ್ ಇಲ್ಲ. ಇದಕ್ಕೆ ರೂಪ ಕೊಟ್ಟವರು ಕೆಂಟಕಿಯ ಬಿಲ್ ಮನ್ರೋ, 1940ರ ದಶಕದಲ್ಲಿ. ಅವರ ಬ್ಯಾಂಡಿನ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಅದೇ ಸಂಗೀತದ ಹೆಸರಾಯಿತು. ಪೀಠಿಕೆ ಮುಗಿಯಿತು.

1963ರಲ್ಲಿ ಡೆಲ್ ಮೆಕೂರಿ ಅನ್ನೋ ಹುಡುಗ ಬ್ಯಾಂಜೋ ಹಿಡಿದು ಮನ್ರೋ ಹತ್ತಿರ ಬಂದ. ಅದೇ ಹೊತ್ತಿಗೆ ಬಿಲ್ ಕೀತ್ ಅನ್ನೋ ಇನ್ನೊಬ್ಬ ಬ್ಯಾಂಜೋ ಪ್ರತಿಭೆಯೂ ಬಂದಿದ್ದ. ಮನ್ರೋ ಬ್ಯಾಂಜೋವನ್ನು ಕೀತ್‌ಗೆ ಕೊಟ್ಟರು. ಡೆಲ್‌ಗೆ, ನೀನು ಗಿಟಾರು ಹಿಡಿದು ಹಾಡು ಅಂದರು. ಕೀತ್ ಹೆಸರನ್ನೂ ಬದಲಾಯಿಸಿ "ಬ್ರ್ಯಾಡ್" ಮಾಡಿದರು, ಯಾಕಂದರೆ ಬ್ಯಾಂಡಿನಲ್ಲಿ ಬಿಲ್ ಒಬ್ಬನೇ ಇರಬೇಕಂತೆ! ಡೆಲ್ ಅಲ್ಲಿ ಜಾಸ್ತಿ ದಿನ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ಪೆನ್ಸಿಲ್ವೇನಿಯಾದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಾ, ಬಿಡುವಾದಾಗ ತನ್ನ ಬ್ಯಾಂಡಿನ ಜೊತೆ ಹಾಡಿಕೊಂಡಿದ್ದರು.

1981ರಲ್ಲಿ ಹಿರಿಮಗ ರಾನಿ ಬ್ಯಾಂಡಿಗೆ ಬಂದ. ವಯಸ್ಸು 14, ಕೈಯಲ್ಲಿ ಮ್ಯಾಂಡೊಲಿನ್. ಮನ್ರೋ ನುಡಿಸುತ್ತಿದ್ದದ್ದೂ ಅದೇ. ಅದೇ ದಶಕದಲ್ಲಿ ತಮ್ಮ ರಾಬ್ ಕೂಡ ಸೇರಿಕೊಂಡ. ಅವನ ವಾದ್ಯ? ಬ್ಯಾಂಜೋ. ಅಪ್ಪನ ಕೈಯಿಂದ ಮನ್ರೋ ಬಿಡಿಸಿದ್ದು ಮಗನ ಕೈ ಸೇರಿತು. ಸಿನಿಮಾದಲ್ಲಿ ಹೀಗೆ ತೋರಿಸಿದ್ದರೆ ಅತಿಯಾಯ್ತು ಅಂತಿದ್ದೆವು.

ಈಗ ಮೈಕಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ತೀನಿ, ಬೇಜಾರು ಮಾಡ್ಕೋಬೇಡಿ.

ಮದುವೆ ಮನೆಯಲ್ಲಿ ಬಡಿಸುವವರನ್ನು ನೋಡಿದ್ದೀರಲ್ವಾ? ಎರಡು ಸಾಲು ಎಲೆಗಳ ನಡುವೆ ಮೊಳ ಜಾಗ. ಅಷ್ಟರಲ್ಲೇ ಒಬ್ಬ ಅನ್ನದ ಬುಟ್ಟಿ ಹಿಡಿದು ಬರ್ತಾನೆ, ಎದುರಿಂದ ಸುಡು ಸುಡು ಸಾರಿನ ಬಕೆಟ್, ಅವನ ಬೆನ್ನಿಗೇ ತುಪ್ಪದವನು. ಯಾರೂ ಯಾರಿಗೂ "ಪಕ್ಕಕ್ಕೆ ಸರಿ" ಅನ್ನಲ್ಲ. ಅನ್ನದವನು ಭುಜ ಓರೆ ಮಾಡಿದ, ಸಾರಿನವನು ನುಸುಳಿದ, ಒಂದು ತೊಟ್ಟು ಚೆಲ್ಲಲಿಲ್ಲ. ಯಾರ ಸರದಿ ಯಾವಾಗ ಅಂತ ಕಾಲಿಗೇ ಗೊತ್ತು. ಹೊಸ ಹುಡುಗನೊಬ್ಬ ಪಾಯಸ ಹಿಡಿದು ನಡುವೆ ಸಿಕ್ಕಿಕೊಂಡರೆ ಮಾತ್ರ ಯಾರದೋ ರೇಷ್ಮೆ ಸೀರೆ ಹೋಯ್ತು ಅಂತಲೇ ಲೆಕ್ಕ.

ಮೆಕೂರಿಗಳ ವೇದಿಕೆಯೂ ಹಾಗೇ.

[ಪರದೆ ಮೇಲೆ: ನಿಧಾನಗತಿಯಲ್ಲಿ ಪಾದಗಳು]

ನೋಡಿ. ಅಪ್ಪ ನಡುವೆ. ಎತ್ತಿ ಬಾಚಿದ ಬೆಳ್ಳಿ ಕೂದಲು, ಗಿಟಾರು. ಸಾಲು ಮುಗಿಯಿತು. ಅಪ್ಪ ಹೆಜ್ಜೆ ಹಿಂದಿಟ್ಟರು, ಗಿಟಾರಿನ ಕುತ್ತಿಗೆ ಓರೆ ಆಯಿತು. ಅದೇ ಸಂದಿಯಲ್ಲಿ ರಾನಿ ಮುಂದೆ ಬಂದ, ಮ್ಯಾಂಡೊಲಿನ್ ಎದೆಮಟ್ಟಕ್ಕೆ ಎತ್ತಿದ. ಅವನದು ಮುಗಿಯುವ ಮೊದಲೇ ರಾಬ್ ಬ್ಯಾಂಜೋದ ಉದ್ದನೆಯ ಕುತ್ತಿಗೆಯನ್ನು ಯಾರ ಮೂಗಿಗೂ ತಾಗಿಸದೆ ಒಳಗೆ ತಂದ. ಹಾಡು ವಾಪಸ್ ಬರುವಷ್ಟರಲ್ಲಿ ಮೂರು ತಲೆ ಮೈಕಿನ ಹತ್ತಿರ.

ಇದು ಬರೀ ಚಂದಕ್ಕಲ್ಲ. ತೆರೆದ ಜಾಗದಲ್ಲಿ ದೂರ ದುಪ್ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಎರಡು ಹೆಜ್ಜೆಯಲ್ಲಿ ಒಂದು ವಾದ್ಯ ಮುಂದೂ ಬರಬಹುದು, ಹಿನ್ನೆಲೆಗೂ ಸರಿಯಬಹುದು. ಬ್ಯಾಂಜೋ ಬಲು ಜೋರು, ಅದು ದೂರ ನಿಲ್ಲಬೇಕು. ಮ್ಯಾಂಡೊಲಿನ್ ಹತ್ತಿರ ಬರಬೇಕು. ಮಾಮೂಲಿ ಬ್ಯಾಂಡಿನಲ್ಲಿ ಈ ಲೆಕ್ಕ ನೋಡಿಕೊಳ್ಳುವುದು ಮಿಕ್ಸರ್ ಮುಂದೆ ಕೂತ ಸೌಂಡ್ ಎಂಜಿನಿಯರ್. ಇಲ್ಲಿ ಆ ಕೆಲಸದ ಬಹುಪಾಲು ಕಾಲುಗಳದ್ದು. ಒಬ್ಬರಿಗೊಬ್ಬರು ಹತ್ತಿರ ಇರುವುದರಿಂದ ಪಕ್ಕದವನು ಏನು ನುಡಿಸಿದ ಅಂತ ಸ್ಪೀಕರ್ ಇಲ್ಲದೆಯೇ ನೇರ ಕಿವಿಗೆ ಬೀಳುತ್ತದೆ. ಹಳೇ ರೇಡಿಯೋ ಕಾಲದ ಪದ್ಧತಿ ಇದು. ಎಲ್ಲರೂ ಮೈಕುಗಳ ಕಾಡು ಬೆಳೆಸಿದ ಕಾಲದಲ್ಲಿ ಮೆಕೂರಿಗಳು ಇದನ್ನು ಮತ್ತೆ ವೇದಿಕೆಗೆ ತಂದರು.

ಇದರಲ್ಲಿ ಅಪ್ಪ-ಮಕ್ಕಳಾಗಿದ್ದರೆ ಏನು ಲಾಭ? ನನಗನ್ನಿಸೋದು, ಲಾಭ ಇರುವುದು ಆ ಹಿಂದಿನ ಹೆಜ್ಜೆಯಲ್ಲಿ. ಬ್ಯಾಂಡಿನ ಹೆಸರೇ ಡೆಲ್ ಮೆಕೂರಿ. ಆದರೂ ಗಿಟಾರಿನಲ್ಲಿ ಅವರು ಹೆಚ್ಚಾಗಿ ತಾಳ ಹಿಡಿಯುತ್ತಾರೆ, ಮಿಂಚುವ ಕೆಲಸ ಹುಡುಗರಿಗೆ ಬಿಡುತ್ತಾರೆ. ಬೇರೆಯವರ ಬ್ಯಾಂಡಿನಲ್ಲಾದರೆ ಅಷ್ಟು ಜಾಗಕ್ಕೆ ಕಿತ್ತಾಟವೇ ಆಗುತ್ತಿತ್ತೇನೋ. ಇನ್ನು ಒಂದೇ ಮನೆಯಲ್ಲಿ ಬೆಳೆದವರು ಸ್ವರಾಕ್ಷರ ಎಳೆಯುವ ರೀತಿಯೂ ಒಂದೇ, ಉಚ್ಚಾರವೂ ಒಂದೇ. ಅದಕ್ಕೇ ಜೊತೆಗೆ ಹಾಡಿದಾಗ ದನಿಗಳ ನಡುವೆ ಸೂಜಿ ತೂರಲ್ಲ. ಅಲ್ಲಿನವರು ಇದನ್ನು "ಬ್ಲಡ್ ಹಾರ್ಮನಿ", ಅಂದರೆ ರಕ್ತಸಂಬಂಧದ ಸ್ವರಮೇಳ ಅಂತಾರೆ.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿಗೆ. 1992ರಲ್ಲಿ ಕುಟುಂಬ ಹಳ್ಳಿಗಾಡಿನ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂತು. ಇಂಟರ್‌ನ್ಯಾಷನಲ್ ಬ್ಲೂಗ್ರಾಸ್ ಮ್ಯೂಸಿಕ್ ಅಸೋಸಿಯೇಷನ್ನಿನ "ವರ್ಷದ ಎಂಟರ್‌ಟೈನರ್" ಪ್ರಶಸ್ತಿ 9 ಸಲ. 2003ರಲ್ಲಿ ಅಲ್ಲಿನ ಹಳೇ ರೇಡಿಯೋ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯ ಸದಸ್ಯತ್ವ. ಗ್ರ್ಯಾಮಿ ಎರಡು. 2008ರಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ನಲ್ಲಿ ಅವರದೇ ಹಬ್ಬ, ಡೆಲ್‌ಫೆಸ್ಟ್. ಮಕ್ಕಳು ಅಪ್ಪ ಇಲ್ಲದೆಯೂ "ಟ್ರಾವೆಲಿನ್ ಮೆಕೂರೀಸ್" ಅಂತ ಸುತ್ತುತ್ತಾರೆ, ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ ಹಾಡುಗಳನ್ನೂ ಬ್ಲೂಗ್ರಾಸ್ ಮಾಡಿಬಿಡ್ತಾರೆ. ಅವರಿಗೂ 2019ರಲ್ಲಿ ಗ್ರ್ಯಾಮಿ ಬಂತು. ಅದಕ್ಕೇ ಒಂದು ವಿಡಿಯೋ ಬೇಕಾಗುತ್ತೆ. ಬೇಕು ಅನ್ನೋರು ಕಾಮೆಂಟ್ ಹಾಕಿ, ಮ್ಯಾಂಡೊಲಿನ್ ಮೊದಲಾ ಬ್ಯಾಂಜೋ ಮೊದಲಾ ಅಂತಲೂ ಹೇಳಿ.